ಎರಡು ಮಹಡಿ ಕೆಳಗೇ ಇಳಿಯುವ ಮಾವ

ನಮ್ಮ ಮಾವನಿಗೆ ಈ ಬೆಂಗಳೂರಿನ ಒಂದೇ ಒಂದು ಕಟ್ಟಡವೂ ಇಷ್ಟವಿಲ್ಲ. ಅವರಿಗೆ ಇಷ್ಟವಾಗುವುದು ಕಟ್ಟಡಗಳಿಂದ ಹೊರಗೆ ಬರುವ ದಾರಿಗಳು ಮಾತ್ರ! ಹೊಸ ಮನೆಗೆ ಹೋದವರು ಸಾಮಾನ್ಯವಾಗಿ ನೆಲದ ಹೊಳಪನ್ನು ಹೊಗಳುತ್ತಾರೆ, ಅಡುಗೆಮನೆಯ ಕಲ್ಲನ್ನು ಸವರಿ ನೋಡುತ್ತಾರೆ, ದೇವರ ಕೋಣೆ ಯಾವ ದಿಕ್ಕಿಗಿದೆ ಎಂದು ವಿಚಾರಿಸುತ್ತಾರೆ. ಮಾವ ಚಪ್ಪಲಿ ಬಿಡುವುದಕ್ಕೆ ಮೊದಲೇ ಕೇಳುವುದು, "ಹಿಂದ್ಗಡೆ ಮೆಟ್ಲು ಎಲ್ಲಿದೆ?" ಒಳಗೆ ಬರುವ ಮೊದಲೇ ಹೊರಗೆ ಹೋಗುವುದು ಹೇಗೆ ಎಂದು ಕೇಳುವ ಅತಿಥಿಯನ್ನು ಯಾರು ತಾನೇ ಎರಡನೆಯ ಸಲ ಕರೆದಾರು?

ಮಾವ ಎಂದರೆ ಅಮ್ಮನ ಅಣ್ಣ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಅಗ್ನಿಶಾಮಕ ದಳದಲ್ಲಿದ್ದವರು. ಕೊನೆಯ ವರ್ಷಗಳಲ್ಲಿ, ಎತ್ತರದ ಕಟ್ಟಡಕ್ಕೆ ಬೆಂಕಿ ಬಿದ್ದರೆ ಯಾರು ಎಲ್ಲಿ ನಿಲ್ಲಬೇಕು, ಯಾರು ಮೊದಲು ಹತ್ತಬೇಕು ಎಂದು ಹೊಸ ಹುಡುಗರಿಗೆ ಪಾಠ ಹೇಳುತ್ತಿದ್ದರು. ಮದುವೆಯಾಗಲಿಲ್ಲ. ಒಮ್ಮೆ ಆಗುವುದರಲ್ಲಿತ್ತು ಎಂದು ಅಮ್ಮ ಹೇಳುತ್ತಾಳೆ. ಬೆನ್ಸನ್ ಟೌನಿನ ಒಂದು ಮನೆಗೆ ಹೆಣ್ಣು ನೋಡಲು ಹೋಗಿದ್ದರಂತೆ. ಉಪ್ಪಿಟ್ಟು, ಕೇಸರಿಬಾತು, ಹಾಡು ಎಲ್ಲ ಮುಗಿದ ಮೇಲೆ ಹುಡುಗಿಯ ತಂದೆ, "ಏನಾದ್ರೂ ಕೇಳೋದಿದ್ರೆ ಕೇಳಿ, ಸಂಕೋಚ ಬೇಡ" ಎಂದರು. ಮಾವ ಸಂಕೋಚ ಬಿಟ್ಟು, "ಈ ಕಿಟಕಿ ಸರಳು ಬಿಚ್ಚೋಕೆ ಬರುತ್ತಾ?" ಎಂದು ಕೇಳಿದರು. ಆ ಸಂಬಂಧ ಅಲ್ಲಿಗೇ ನಿಂತಿತು. ಮಗಳನ್ನು ಓಡಿಸಿಕೊಂಡು ಹೋಗುವ ಇರಾದೆ ಇದೆ ಎಂದುಕೊಂಡರೋ ಏನೋ!

ತೊಂಬತ್ತರ ದಶಕದಲ್ಲಿ ನಾವು ಹಲಸೂರಿನ ಬಾಡಿಗೆ ಮನೆಯಲ್ಲಿದ್ದೆವು. ಮಾವ ರಜೆಯಲ್ಲಿ ಬಂದುಹೋಗುತ್ತಿದ್ದರು. ಒಮ್ಮೆ ಅಮ್ಮನಿಗೆ ಹಲ್ಲುನೋವು ಬಂದು, ಇಂದಿರಾನಗರದಲ್ಲಿ ಐದನೇ ಮಹಡಿಯಲ್ಲಿದ್ದ ದಂತವೈದ್ಯರ ಹತ್ತಿರ ಹೊರಟೆವು. ಲಿಫ್ಟಿನಲ್ಲಿ ಮಾವ ಒತ್ತಿದ್ದು ಮೂರನೇ ಮಹಡಿಯ ಗುಂಡಿ.

"ಮಾವ, ಐದು!" ಎಂದೆ.

"ಗೊತ್ತು. ಬೆಂಕಿ ಇರೋ ಮಹಡಿಗೆ ಲಿಫ್ಟಲ್ಲಿ ನೇರ ಹೋಗಬಾರ್ದು ಪುಟ್ಟಿ. ಬಾಗ್ಲು ತೆಗೆದ ತಕ್ಷಣ ಹೊಗೆ ಮುಖಕ್ಕೇ ಹೊಡಿಯುತ್ತೆ. ಎರಡು ಮಹಡಿ ಕೆಳಗೇ ಇಳ್ಕೊಂಡು, ಮೆಟ್ಲು ಹತ್ತಿ ಹೋಗ್ಬೇಕು."

"ಅಲ್ಲಿರೋದು ಬೆಂಕಿ ಅಲ್ಲ ಮಾವ, ಹಲ್ಲಿನ ಡಾಕ್ಟ್ರು!"

"ಕೆಳಗೆ ನಿಂತ್ಕೊಂಡು ಅದು ಹೇಗೆ ಹೇಳ್ತೀಯಾ?"

ಊದಿದ ಕೆನ್ನೆ ಹಿಡಿದುಕೊಂಡು ಅಮ್ಮ ಎರಡು ಮಹಡಿ ಹತ್ತಿದಳು. ಬಾಯಿ ತೆರೆಯಲು ಆಗದಿದ್ದುದರಿಂದ ಅಣ್ಣನಿಗೆ ಏನೂ ಹೇಳಲಿಲ್ಲ. ಹಲ್ಲು ಕಿತ್ತ ಮೇಲೆ ಬಡ್ಡಿ ಸಮೇತ ಹೇಳಿದಳು.

ಹಬ್ಬದ ಅಡುಗೆಯೂ ಅವರ ಕೈಯಿಂದ ಪಾರಾಗಲಿಲ್ಲ. ಒಂದು ಯುಗಾದಿಗೆ ಇಪ್ಪತ್ತು ಜನ ನೆಂಟರು ಬಂದಿದ್ದರು. ಒಬ್ಬಟ್ಟು ಮಾಡಲು ಆರು ಹೆಂಗಸರು ಒಂದೇ ಅಡುಗೆಮನೆಗೆ ನುಗ್ಗಿ, ಒಬ್ಬರ ಮೊಣಕೈ ಇನ್ನೊಬ್ಬರ ಹೂರಣಕ್ಕೆ ತಾಗುತ್ತಿತ್ತು. ಮಾವ ಬಾಗಿಲಲ್ಲಿ ನಿಂತು ಗುಡುಗಿದರು: "ಒಳಗೆ ಇಬ್ರೇ! ಮಿಕ್ಕೋರು ನಡುಮನೇಲಿ ಕೂತ್ಕೊಂಡು ಕಾಯಿರಿ. ಇಪ್ಪತ್ತು ನಿಮಿಷಕ್ಕೊಂದ್ಸಲ ಬದಲಿ ಕಳಿಸ್ತೀನಿ. ಕರೆಯದೆ ಯಾರೂ ಒಳಗೆ ಬರಬಾರ್ದು!"

"ಇದೇನು ಒಲೆನೋ, ಬೆಂಕಿ ಅನಾಹುತನೋ?" ಎಂದು ನನ್ನ ಚಿಕ್ಕಮ್ಮ ಗೊಣಗಿದರು.

"ಎರಡಕ್ಕೂ ಕಾಯಿದೆ ಒಂದೇ ಕಣಮ್ಮ. ದಣಿದ ಕೈಯೇ ಸುಟ್ಕೊಳ್ಳೋದು."

ಹೇಳಲು ನನಗೂ ಕಷ್ಟ, ಆದರೂ ಹೇಳಿಬಿಡುತ್ತೇನೆ. ನಮ್ಮ ವಂಶದ ಇತಿಹಾಸದಲ್ಲಿ ಮೊದಲ ಬಾರಿಗೆ ಆ ದಿನ ಒಂದು ಗಂಟೆಗೆ ಸರಿಯಾಗಿ ಎಲೆ ಹಾಕಿದರು. ಒಬ್ಬಟ್ಟು ಒಂದೂ ಸೀದಿರಲಿಲ್ಲ!

ನಾನು ಕಾಲೇಜು ಸೇರುವ ಹೊತ್ತಿಗೆ ಅಪ್ಪ ಲಿಂಗರಾಜಪುರದ ಅಪಾರ್ಟ್‌ಮೆಂಟೊಂದರಲ್ಲಿ ಮನೆ ಕೊಂಡರು. ಎಂಟನೇ ಮಹಡಿ, ಅದೇ ಕೊನೆಯದು. ಒಳ್ಳೆಯ ಗಾಳಿ, ಒಳ್ಳೆಯ ಬೆಳಕು. ಮಾವ ರಸ್ತೆಯಲ್ಲೇ ನಿಂತು ಕತ್ತೆತ್ತಿ ನೋಡಿ, "ಭಾವ, ನಮ್ಮ ಏಣಿ ಅಷ್ಟೆತ್ತರ ಬರುತ್ತೆ ಅಂತ ನಂಬ್ಕೊಂಡು ತಗೊಂಡ್ರಾ?" ಎಂದರು. ಅಪ್ಪ ನಂಬಿಕೊಂಡಿದ್ದು ಬ್ಯಾಂಕಿನ ಸಾಲವನ್ನು ಮಾತ್ರ. ಎರಡು ವರ್ಷದ ಮೇಲೆ ನಿವೃತ್ತರಾದ ಮಾವ, ಒಂದು ಟ್ರಂಕು ಮತ್ತು ಒಂದು ಟಾರ್ಚು ಹಿಡಿದು ನಮ್ಮ ಮನೆಗೇ ಬಂದರು. "ತಂಗಿ ಎಂಟನೇ ಮಹಡೀಲಿರುವಾಗ ನಾನು ನೆಲದ ಮೇಲೆ ಹೇಗೆ ಮಲಗ್ಲಿ?" ಎಂಬುದು ಅವರ ವಾದ.

ಬಂದ ವಾರದಲ್ಲೇ ಅಪಾರ್ಟ್‌ಮೆಂಟಿನ ಹಿಂದಿನ ಮೆಟ್ಟಿಲು ಅವರ ಕಣ್ಣಿಗೆ ಬಿತ್ತು. ಮೆಟ್ಟಿಲು ಎಂದು ನಕ್ಷೆಯಲ್ಲಿತ್ತು ಅಷ್ಟೆ. ಅದು ಇಡೀ ಕಟ್ಟಡದ ಅಟ್ಟವಾಗಿತ್ತು. ಮುರಿದ ಮಂಚ, ತೆಂಗಿನಕಾಯಿ ಮೂಟೆ, ಚಪ್ಪಲಿ ಸ್ಟ್ಯಾಂಡುಗಳು, ಯಾರದೋ ಮಗುವಿನ ತೊಟ್ಟಿಲು. ಮಾವ ನಿವಾಸಿಗಳ ಸಂಘದ ಕಾರ್ಯದರ್ಶಿಯ ಬಳಿ ಹೋಗಿ ಪಾಠ ಶುರುಮಾಡಿದರು: "ಎತ್ತರದ ಕಟ್ಟಡಕ್ಕೆ ಎರಡು ಮೆಟ್ಲು ಇರ್ಬೇಕು ಸರ್. ಒಂದ್ರಲ್ಲಿ ನಮ್ಮೋರು ಪೈಪು ಎಳ್ಕೊಂಡು ಹತ್ತುತಾರೆ. ಪೈಪು ಒಳಗೆ ಹೋಗ್ಬೇಕಂದ್ರೆ ಆ ಮಹಡಿ ಬಾಗ್ಲು ತೆರೆದೇ ಇರುತ್ತೆ, ಹೊಗೆಯೆಲ್ಲ ಆ ಮೆಟ್ಲಿಗೇ ತುಂಬ್ಕೊಳ್ಳುತ್ತೆ. ಹಾಗಾದ್ರೆ ಜನ ಇಳಿಯೋದು ಎಲ್ಲಿ?"

"ಲಿಫ್ಟಿದೆಯಲ್ಲ ಸರ್," ಎಂದರು ಕಾರ್ಯದರ್ಶಿ.

ಮಾವ ಅವತ್ತು ರಾತ್ರಿ ಊಟ ಮಾಡಲಿಲ್ಲ.

ಮುಂದಿನ ಭಾನುವಾರ ಕಾರ್ಯದರ್ಶಿಯನ್ನು ಕಾಫಿಗೆ ಕರೆದರು. ಕಾಫಿಯಾದ ಮೇಲೆ, "ಒಂದು ಸಣ್ಣ ಆಟ ಆಡೋಣ" ಎಂದು ಅವರ ಕಣ್ಣಿಗೆ ಒದ್ದೆ ಟವೆಲು ಕಟ್ಟಿ, "ಈಗ ಹೊಗೆ ತುಂಬಿದೆ, ಕರೆಂಟಿಲ್ಲ. ಎಡಗೈ ಗೋಡೆ ಮೇಲಿಡಿ, ಹಿಂದಿನ ಮೆಟ್ಲಲ್ಲಿ ಇಳೀರಿ. ನಾನು ಜೊತೇಲಿರ್ತೀನಿ" ಎಂದರು. ಕಾರ್ಯದರ್ಶಿ ಆರನೇ ಮಹಡಿಯವರೆಗೆ ಹೇಗೋ ಬಂದರು. ಅಲ್ಲಿ ಒಂದು ಮೂರು ಗಾಲಿ ಸೈಕಲ್ಲಿಗೆ ಕಾಲು ಸಿಕ್ಕಿಸಿಕೊಂಡು, ಅದರ ಗಂಟೆಯನ್ನು ಬಾರಿಸುತ್ತಾ ಕುಕ್ಕರಿಸಿದರು. "ಯಾವ ಬುದ್ಧಿ ಇಲ್ದೋರು ರೀ ಇದನ್ನ ಇಲ್ಲಿಟ್ಟಿರೋದು?" ಎಂದು ಟವೆಲು ಕಿತ್ತು ನೋಡಿದರೆ, ಸೈಕಲ್ಲು ಅವರ ಮಗನದೇ! ಎರಡೇ ದಿನದಲ್ಲಿ ಹಿಂದಿನ ಮೆಟ್ಟಿಲು ಎಂಟರಿಂದ ನೆಲದವರೆಗೆ ಬೋಳಾಯಿತು.

ಇಷ್ಟರವರೆಗೆ ನಾನು ದೂರದಿಂದ ನಗುತ್ತಿದ್ದೆ. ಬಿಲ್ಲೆಗಳು ಬಂದ ಮೇಲೆ ನಗು ನಿಂತಿತು.

ದಳದಲ್ಲಿ ಒಂದು ಪದ್ಧತಿಯಿದೆಯಂತೆ. ಹೊಗೆಯೊಳಗೆ ಹೋಗುವ ಪ್ರತಿಯೊಬ್ಬನೂ ತನ್ನ ಹೆಸರಿನ ಬಿಲ್ಲೆಯನ್ನು ಹೊರಗೆ ನಿಂತವನ ಕೈಗೆ ಕೊಟ್ಟು ಹೋಗಬೇಕು, ಬಂದ ಮೇಲೆ ತಾನೇ ವಾಪಸು ಪಡೆಯಬೇಕು. ಅವನು ಅದನ್ನು ತೂಗುಹಾಕುವ ಹಲಗೆಯ ಮೇಲೆ ಬಿಲ್ಲೆ ಇದೆ ಎಂದರೆ ಒಳಗೊಬ್ಬ ಮನುಷ್ಯ ಇದ್ದಾನೆ ಎಂದರ್ಥ. ಮಾವ ಇದನ್ನು ಮನೆಗೆ ತಂದರು. ಹಳೆಯ ಪಾತ್ರೆಯ ಅಲ್ಯೂಮಿನಿಯಂ ಮುಚ್ಚಳವನ್ನು ಶಿವಾಜಿನಗರದ ತಗಡಿನ ಅಂಗಡಿಗೆ ಒಯ್ದು, ನಾಲ್ಕು ದುಂಡು ಬಿಲ್ಲೆ ಕತ್ತರಿಸಿ ತೂತು ಹಾಕಿಕೊಡಿ ಎಂದರು. ಅಂಗಡಿಯವರು ವಿಶ್ವಾಸದಿಂದ, "ಯಾವ ಜಾತಿ ನಾಯಿ ಸಾಬ್, ನಾಲ್ಕೂ?" ಎಂದು ಕೇಳಿದರಂತೆ.

ಬಾಗಿಲ ಪಕ್ಕ ಹಲಗೆ, ಹಲಗೆಗೆ ನಾಲ್ಕು ಮೊಳೆ. ಮನೆಯಲ್ಲಿದ್ದರೆ ಬಿಲ್ಲೆ ಮೊಳೆಯ ಮೇಲೆ, ಹೊರಗೆ ಹೋದರೆ ಜೇಬಿನಲ್ಲಿ. ಮುಂದೆ ಹೆಸರು, ಹಿಂದೆ, ಏನಾದರೂ ಆದರೆ ಯಾರಿಗೆ ತಿಳಿಸಬೇಕು ಎಂಬುದು. ಅದನ್ನು ಅವರವರೇ ಮೊಳೆಯಿಂದ ಗೀಚಬೇಕು. ಅಮ್ಮ ಅಪ್ಪನ ಹೆಸರು ಗೀಚಿದಳು. ಅಪ್ಪ ಎರಡು ನಿಮಿಷ ಯೋಚಿಸಿ ಅಮ್ಮನ ಹೆಸರು ಗೀಚಿದರು. ಆ ಎರಡು ನಿಮಿಷವನ್ನು ಅಮ್ಮ ಇನ್ನೂ ಕ್ಷಮಿಸಿಲ್ಲ. ನಾನು ಖಾಲಿ ಬಿಟ್ಟೆ.

"ಯಾಕೆ ಪುಟ್ಟಿ?"

"ಅದು ನನ್ನ ಸ್ವಂತ ವಿಷಯ ಮಾವ."

ಎಂ.ಎ. ಮುಗಿಸಿದ ಹುಡುಗಿ, ತಾನು ಮನೆಯಲ್ಲಿದ್ದೇನೋ ಇಲ್ಲವೋ ಎಂಬುದನ್ನು ಒಂದು ಮೊಳೆಗೆ ವರದಿ ಒಪ್ಪಿಸಬೇಕೆ? ನನಗೆ ಮನಸ್ಸಿನ ಬಾಗಿಲನ್ನು ಹಾಕಿಕೊಂಡು ಇರುವುದೇ ಸುಖ. ಅದರಲ್ಲೂ ಶನಿವಾರ ಮಧ್ಯಾಹ್ನ ನನ್ನದೊಂದು ಗುಟ್ಟಿತ್ತು. ಕಮ್ಮನಹಳ್ಳಿ ಮುಖ್ಯರಸ್ತೆಯ ಒಂದು ಬೇಕರಿಗೆ ಒಬ್ಬಳೇ ಹೋಗಿ, ಮೂಲೆಯ ಮೇಜಿನಲ್ಲಿ ಒಂದು ವೆಜ್ ಪಫ್ ತಿಂದು, ಒಂದು ಗಂಟೆ ಪುಸ್ತಕ ಓದಿ ಬರುತ್ತಿದ್ದೆ. ಅಷ್ಟೇ! ಇದರಲ್ಲಿ ಗುಟ್ಟೇನಿದೆ ಎಂದು ನೀವು ಕೇಳಬಹುದು. ಏನೂ ಇಲ್ಲ. ಆದರೂ ಆ ಒಂದು ಗಂಟೆ ಯಾರಿಗೂ ಗೊತ್ತಿಲ್ಲದೆ ನನ್ನದಾಗಿರಬೇಕೆಂಬ ಹಟ. ಹಾಗಾಗಿ ಬಿಲ್ಲೆಯನ್ನು ಮೊಳೆಯ ಮೇಲೇ ಬಿಟ್ಟು, ಕೋಣೆಯ ಬಾಗಿಲು ಮುಚ್ಚಿ, ಓದುತ್ತಿದ್ದೇನೆಂದು ನಂಬಿಸಿ, ಹಿಂದಿನ ಮೆಟ್ಟಿಲಿಂದ ಇಳಿದುಹೋಗುತ್ತಿದ್ದೆ. ಮಾವನೇ ತೆರವು ಮಾಡಿಸಿದ ಮೆಟ್ಟಿಲು!

ಅಂಥ ಒಂದು ಶನಿವಾರ ಅಪ್ಪ ಅಮ್ಮ ತಮ್ಮ ಬಿಲ್ಲೆಗಳೊಂದಿಗೆ ಕೆ.ಆರ್. ಪುರದ ನೆಂಟರ ಮನೆಗೆ ಹೋಗಿದ್ದರು. ಮನೆಗೆಲ್ಲ ಇದ್ದ ಒಂದೇ ಮೊಬೈಲು ಅಪ್ಪನ ಜೇಬಿನಲ್ಲಿತ್ತು. ನಾನು ಬೇಕರಿಯಿಂದ ಇನ್ನೊಂದು ಪಫ್ ಕಟ್ಟಿಸಿಕೊಂಡು ವಾಪಸು ಬಂದರೆ, ನಮ್ಮ ಗೇಟಿನಲ್ಲಿ ಎರಡು ಫೈರ್ ಇಂಜಿನ್. ಆರನೇ ಮಹಡಿಯ ಒಂದು ಕಿಟಕಿಯಿಂದ ಕಪ್ಪು ಹೊಗೆ. ಆ ಮನೆಯವರು ಬಟ್ಟೆಯ ಬಂಡಲುಗಳನ್ನು ತುಂಬಿಸಿಟ್ಟಿದ್ದರು. ಇಸ್ತ್ರಿಪೆಟ್ಟಿಗೆ ಆರಿಸುವುದನ್ನು ಯಾರೋ ಮರೆತಿದ್ದರು. ಜನರೆಲ್ಲ ಹಿಂದಿನ ಮೆಟ್ಟಿಲಿಂದ ಇಳಿದು ಅಂಗಳದಲ್ಲಿ ನಿಂತಿದ್ದರು. ಕಾರ್ಯದರ್ಶಿ ನನ್ನನ್ನು ನೋಡಿದವರೇ ಬಿಳುಚಿಕೊಂಡರು.

"ಅಯ್ಯೋ, ನೀನು ಇಲ್ಲಿದೀಯೇನಮ್ಮಾ? ನೀನು ಒಳಗಿದೀಯ ಅಂತ ನಿಮ್ಮ ಮಾವ ಹೇಳಿದ್ರಲ್ಲ!"

ಮಾವ ಆ ಹೊತ್ತಿಗೆ ಕೆಳಗೆ ನೀರಿನ ತೊಟ್ಟಿ ನೋಡಲು ಬಂದಿದ್ದರಂತೆ. ಮನೆಯಿಂದ ಹೊರಡುವಾಗ ಹಲಗೆಯ ಮೇಲೆ ಒಂದೇ ಬಿಲ್ಲೆ ಉಳಿದಿದ್ದುದು ಅವರಿಗೆ ನೆನಪಿತ್ತು. ನನ್ನದು.

ಬಾಗಿಲಲ್ಲಿ ಒಬ್ಬ ಫೈರ್‌ಮನ್ ಹಲಗೆ ಹಿಡಿದು ನಿಂತಿದ್ದ. "ಎಂಟನೇ ಮಹಡಿಯವಳು ನಾನೇ" ಎಂದೆ. ಅವನು ವಾಕಿಟಾಕಿಯಲ್ಲಿ ಹೇಳಿದ: "ಸರ್, ಎಂಟನೇ ಮಹಡಿ ಹುಡುಗಿ ಕೆಳಗೆ ಸಿಕ್ಕಿದಾಳೆ. ಹುಡುಕಕ್ಕೆ ಹೋಗಿರೋ ಇಬ್ರನ್ನೂ ವಾಪಸ್ ಕರೀರಿ."

ಇಬ್ಬರು! ನಾನು ಇಲ್ಲದ ಕೋಣೆಯಲ್ಲಿ ನನ್ನನ್ನು ಹುಡುಕಲು ಇಬ್ಬರು ಹೊಗೆ ದಾಟಿ ಹೋಗಿದ್ದರು.

"ಮಾವ ಎಲ್ಲಿ?"

"ದೊಡ್ಡ ಸಾಹೇಬ್ರಾ? ನಾಲ್ಕನೇ ಮಹಡೀಲಿ, ನಮ್ಮ ಆಫೀಸರ್ ಜೊತೆ ಇದಾರೆ. ಬೇಡ ಅಂದ್ವಿ, ಕೇಳ್ಲಿಲ್ಲ. 'ಬೆಂಕಿಗಿಂತ ಎರಡು ಮಹಡಿ ಕೆಳಗೇ ನಿಂತಿರ್ತೀನಿ, ಅಲ್ಲಿಂದ ಮೇಲಕ್ಕೆ ಒಂದು ಹೆಜ್ಜೆ ಇಡಲ್ಲ. ನೀರಿನ ವಾಲ್ವು ಎಲ್ಲಿದೆ, ಯಾವ ಮೆಟ್ಲಲ್ಲಿ ಹೋಗ್ಬೇಕು ಅಂತ ತೋರಿಸ್ತೀನಿ' ಅಂದ್ರು. ನಮ್ಗೆಲ್ಲ ಪಾಠ ಹೇಳ್ಕೊಟ್ಟೋರು ಅವ್ರೇ. ಬಿಲ್ಲೇನೂ ಕೊಟ್ಟೇ ಹೋದ್ರು, ನೋಡಿ."

ದಳದ ಬಿಲ್ಲೆಗಳ ನಡುವೆ ಪಾತ್ರೆ ಮುಚ್ಚಳದ ಬಿಲ್ಲೆ ಒಂದು ತೂಗುತ್ತಿತ್ತು. ಅಷ್ಟು ಕಾಲ ಅದನ್ನು ದಿನವೂ ನೋಡಿದ್ದೆ, ತಿರುಗಿಸಿ ನೋಡಿರಲಿಲ್ಲ. ಈಗ ತಿರುಗಿಸಿದೆ. ಮೊಳೆಯಲ್ಲಿ ಆಳವಾಗಿ, ಅಕ್ಷರ ಅಕ್ಷರವಾಗಿ ಗೀಚಿತ್ತು: 'ಪುಟ್ಟಿಗೆ ತಿಳಿಸಿ.'

ಅಷ್ಟೇ. ಪುಟ್ಟಿ ಯಾರು, ಎಲ್ಲಿರುತ್ತಾಳೆ, ಏನೂ ಇಲ್ಲ! ಮೂವತ್ತು ವರ್ಷ ಶಿಸ್ತಿನಿಂದ ಬದುಕಿದ ಮನುಷ್ಯ, ಜಗತ್ತಿನಲ್ಲಿ ಪುಟ್ಟಿ ಎಂದರೆ ಒಬ್ಬಳೇ, ಯಾರನ್ನು ಕೇಳಿದರೂ ತೋರಿಸುತ್ತಾರೆ ಎಂದುಕೊಂಡಿದ್ದರು.

ಹಲಗೆಯ ಪಕ್ಕದಲ್ಲೇ ನಿಂತೆ. ಹೊಗೆ ಕಪ್ಪಿನಿಂದ ಬಿಳಿಯಾಯಿತು, ಆಮೇಲೆ ತೆಳುವಾಯಿತು. ಒಬ್ಬೊಬ್ಬರೇ ಇಳಿದು ಬಂದು ತಮ್ಮ ಬಿಲ್ಲೆ ತೆಗೆದುಕೊಂಡರು. ನನ್ನನ್ನು ಹುಡುಕಲು ಹೋಗಿದ್ದ ಇಬ್ಬರೂ ಬಂದರು, ಅವರಿಗೆ ಕೈಮುಗಿದೆ. ಅವರಲ್ಲೊಬ್ಬ, "ನಿಮ್ಮ ರೂಮಲ್ಲಿ ಪುಸ್ತಕ ಜಾಸ್ತಿ ಇದೆ ಮೇಡಂ, ಬಾಗ್ಲು ಹತ್ರ ಇಡ್ಬೇಡಿ" ಎಂದ. ಮಾವನ ಶಿಷ್ಯ, ಸಂದೇಹವೇ ಇಲ್ಲ!

ಹಲಗೆಯ ಮೇಲೆ ಒಂದೇ ಬಿಲ್ಲೆ ಉಳಿದಿತ್ತು.

ಕೊನೆಗೆ ಮಾವ ಬಂದರು. ಮೈಯೆಲ್ಲ ಒದ್ದೆ, ಮೂಗಿನ ಕೆಳಗೆ ಮಸಿ. ನನ್ನನ್ನು ಕಂಡು ಎರಡು ಮೆಟ್ಟಿಲು ಮೇಲೇ ನಿಂತುಬಿಟ್ಟರು. ಬೈಯುತ್ತಾರೆಂದು ಕಾದೆ. ಅವರು ನನ್ನ ಕೈಯಲ್ಲಿದ್ದ, ಎಣ್ಣೆ ಇಳಿದ ಕಾಗದದ ಪೊಟ್ಟಣವನ್ನೇ ನೋಡಿದರು.

"ಪಫ್ಸಾ?"

"ಹ್ಞೂಂ ಮಾವ. ಕಮ್ಮನಹಳ್ಳೀಲಿ... ನಾನು ಪ್ರತಿ ಶನಿವಾರ..."

"ಎಲ್ಲಿಗೆ ಹೋಗ್ತೀಯಾ ಅಂತ ನಾನು ಯಾವತ್ತಾದ್ರೂ ಕೇಳಿದೀನಾ ಪುಟ್ಟಿ? ಅದನ್ನ ಹೇಳ್ಬೇಡ. ಒಳಗಿದೀಯೋ ಇಲ್ವೋ, ಅಷ್ಟು ಸಾಕು ನಂಗೆ."

ಅವರ ಬಿಲ್ಲೆಯನ್ನು ಹಲಗೆಯಿಂದ ತೆಗೆದು ಅವರ ಕೈಗಿಟ್ಟೆ. ಹಿಂದಿನ ಬರಹವನ್ನು ನಾನು ಓದಿದ್ದು ಅವರಿಗೆ ತಿಳಿಯಿತು. ಕೆಮ್ಮುವ ನೆಪದಲ್ಲಿ ಮುಖ ತಿರುಗಿಸಿದರು. ಆಮೇಲೆ ನಾವಿಬ್ಬರೂ ಅಂಗಳದ ಕಟ್ಟೆಯ ಮೇಲೆ ಕುಳಿತು ಒಂದು ಪಫ್ ಅನ್ನು ಹಂಚಿಕೊಂಡು ತಿಂದೆವು.

ಸಂಜೆ ಅಪ್ಪ ಅಮ್ಮ ಬಂದು, ಗಾಬರಿಯೆಲ್ಲ ಮುಗಿದು, ಮನೆಗೆ ಹೋಗಬಹುದೆಂದು ಅಪ್ಪಣೆಯಾದ ಮೇಲೆ, ನಾನು ಬಿಲ್ಲೆಯನ್ನೂ ಒಂದು ಮೊಳೆಯನ್ನೂ ತೆಗೆದುಕೊಂಡು ಕೋಣೆಯ ಬಾಗಿಲು ಹಾಕಿಕೊಂಡೆ. ಅಲ್ಯೂಮಿನಿಯಂ ಮೇಲೆ ಗೀಚುವುದು ಅಂದುಕೊಂಡಷ್ಟು ಸುಲಭವಲ್ಲ; ಕರಕರ ಸದ್ದು ಹೊರಗೂ ಕೇಳುತ್ತದೆ.

"ಏನೇ ಅದು ಸದ್ದು?" ಎಂದಳು ಅಮ್ಮ.

"ಏನಿಲ್ಲಮ್ಮ" ಎಂದೆ. ಬಿಲ್ಲೆಯ ಹಿಂದೆ ಗೀಚುತ್ತಿದ್ದುದು ಎರಡೇ ಅಕ್ಷರ: ಮಾವ.