ಮೇಸ್ತ್ರಿಯ ಒಂದು ಚೊಂಬು ನೀರು

ನಂಜನಗೂಡಿನಿಂದ ಟಿ. ನರಸೀಪುರದವರೆಗಿನ ಡಾಂಬರು ರಸ್ತೆಗಳನ್ನು ಇಲಾಖೆಯ ಸೂಪರ್‌ವೈಸರನಾಗಿ ನೋಡಿಕೊಳ್ಳುತ್ತಲೇ ನನ್ನ ತಲೆ ನೆರೆಯಿತು. ರಸ್ತೆ ಹಾಕುವವರು ನಾಲ್ಕು ಜನ, ಕೆಡಿಸುವವರು ಊರೆಲ್ಲ. ಹಾಗಾಗಿ ನಮಗೆ ನಗುವಿಗೆ ಎಂದೂ ಬರವಿರಲಿಲ್ಲ. ನನ್ನ ಗ್ಯಾಂಗಿನ ಮೇಸ್ತ್ರಿ ಇದ್ದಷ್ಟು ಕಾಲವಂತೂ ದಿನಕ್ಕೊಂದು ತಮಾಷೆ ನಡೆಯುತ್ತಿತ್ತು. ಈಗ ಅವನಿಲ್ಲ. ನೆನೆದರೆ ಈಗಲೂ ಮೊದಲು ಬರುವುದು ನಗುವೇ.

ಹುರುಳಿ

ಸುತ್ತೂರಿನ ಕಡೆ ಹೊಸ ಡಾಂಬರು ಹಾಸಿ ಊಟಕ್ಕೆ ಕೂತಿದ್ದೆವು. ಕೈ ತೊಳೆದು ಬರುವಷ್ಟರಲ್ಲಿ ಒಬ್ಬ ಅಜ್ಜಿ ಅದರ ಮೇಲೆ ಹುರುಳಿ ಗಿಡ ಹರಡಿದ್ದಳು, ಬಸ್ಸು ಲಾರಿ ತುಳಿದು ಒಕ್ಕಣೆಯಾಗಲಿ ಅಂತ. ಬಿಸಿ ಡಾಂಬರಿಗೆ ಕಾಳೆಲ್ಲ ಅಂಟಿಕೊಂಡಿತು.

"ಸಾ, ನಿಮ್ ರೋಡು ನನ್ ಉಳ್ಳಿ ನುಂಗ್ಬುಡ್ತು, ಕಕ್ಕಿಸ್ಕೊಡಿ!" ಎಂದು ನನ್ನನ್ನೇ ಹಿಡಿದುಕೊಂಡಳು.

ಮಳೆ ಬಿದ್ದ ವಾರದಲ್ಲಿ ರಸ್ತೆಯ ಮೇಲೇ ಮೊಳಕೆ. ನಾನು ನಕ್ಕೆ. ಮೇಸ್ತ್ರಿ ನಗಲಿಲ್ಲ. ಮೊಳಕೆ ಬಂತೆಂದರೆ ನೀರು ಒಳಗಿಳಿದಿದೆ, ನೀರಿಳಿದ ಡಾಂಬರು ಬಾಳುವುದಿಲ್ಲ ಎಂದು ತಲೆಮೇಲೆ ಕೈಹೊತ್ತು ಕೂತ. ಇಂಜಿನಿಯರು ಬಂದು ಹೇಗಿದೆಯಪ್ಪಾ ಎಂದರೆ, "ಬೆಳೆ ಚೆನ್ನಾಗದೆ ಸಾ, ರೋಡೇ ಒಸಿ ಕೆಟ್ಟದೆ" ಎಂದ.

ಕಳಶ

ಅವನಿಗೆ ಒಂದೇ ಹುಚ್ಚು: ರಸ್ತೆ ಮೇಲೆ ನೀರು ನಿಲ್ಲಬಾರದು. ಸೈಕಲ್ಲಿಗೆ ಚೊಂಬು ಕಟ್ಟಿಕೊಂಡೇ ಓಡಾಡುತ್ತಿದ್ದ. ರಸ್ತೆ ನಡುವೆ ನೀರು ಸುರಿದಾಗ ಅದು ಚರಂಡಿಗೆ ಹರಿದರೆ ಇಳಿಜಾರು ಸರಿ.

ಬನ್ನೂರಿನ ಹತ್ತಿರ ಹೊಸ ರಸ್ತೆಯ ಪೂಜೆ. ದೊಡ್ಡವರೆಲ್ಲ ಬಂದಿದ್ದರು. ಇವನು ಪೂಜಾರಿಯ ಕಳಶ ಇಸಿದುಕೊಂಡು ರಸ್ತೆಗೆ ಸುರಿದೇಬಿಟ್ಟ. ನೀರು ಅತ್ತಲೂ ಹೋಗಲಿಲ್ಲ, ಇತ್ತಲೂ ಹೋಗಲಿಲ್ಲ; ಕಂಟ್ರಾಕ್ಟರರ ಬೂಟಿನ ಸುತ್ತ ನಿಂತಿತು.

"ಗಂಗಮ್ಮನ್ಗೇ ದಾರಿ ಕಾಣ್ದಲ್ಲ ಸ್ವಾಮಿ!" ಎಂದ.

ಅವತ್ತು ನಮ್ಮಿಬ್ಬರಿಗೂ ಪೂಜೆಯ ಊಟ ಸಿಗಲಿಲ್ಲ.

ಗುದ್ದಲಿ

ಆ ಹುಚ್ಚು ಸುಮ್ಮನೆ ಹಿಡಿದದ್ದಲ್ಲ. ಹೆಮ್ಮರಗಾಲದ ಹತ್ತಿರ ಒಂದು ತಿರುವಿನಲ್ಲಿ ನೀರು ನಿಂತು ಗುಂಡಿ ಬಿದ್ದಿತ್ತು. ನಾಳೆ ಮುಚ್ಚೋಣ ಎಂದವನು ನಾನು. ಆ ಸಂಜೆ ಮೇಸ್ತ್ರಿಯ ಹೆಂಡತಿ ತನ್ನ ತಮ್ಮನ ಬೈಕಿನ ಹಿಂದೆ ಕೂತು ಬರುತ್ತಿದ್ದಳು. ನೀರಿನಡಿ ಗುಂಡಿ ಕಾಣಲಿಲ್ಲ. ಬಿದ್ದವಳು ಏಳಲಿಲ್ಲ. ಮಣ್ಣು ಮಾಡಿ ಬಂದ ಮಾರನೆಯ ದಿನ ಅವನೇ ಆ ಗುಂಡಿ ಮುಚ್ಚಿ, ಮೇಲೆ ಒಂದು ಚೊಂಬು ನೀರು ಸುರಿದು ನೋಡಿದ. ನನ್ನನ್ನು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಆಮೇಲೆ ಪ್ರತಿ ಮಳೆಗಾಲ ಆ ತಿರುವಿನ ಗದ್ದೆಯ ಗೌಡರಿಗೂ ಅವನಿಗೂ ಯುದ್ಧ. ಟ್ರ್ಯಾಕ್ಟರ್ ಇಳಿಸಲು ಅವರು ಚರಂಡಿಗೆ ಮಣ್ಣು ತುಂಬುವುದು, ಇವನು ಬೆಳಿಗ್ಗೆ ತೆಗೆಯುವುದು.

"ನನ್ ಟ್ರ್ಯಾಕ್ಟ್ರೇನ್ ನೆಗ್ದ್ ಓಯ್ತದೇನ್ಲಾ?"

"ನೀರೇನ್ ನೆಗ್ದ್ ಓಯ್ತದಾ, ಗೌಡ್ರೇ?"

ಮಣ್ಣಿನಡಿ ಪೈಪು ಹಾಕಿಸಿಕೊಡುತ್ತೇನೆ ಎಂದು ನಾನು ಇಬ್ಬರಿಗೂ ಮಾತು ಕೊಟ್ಟೆ. ಅದು ಮಾತಿನಲ್ಲೇ ಉಳಿಯಿತು. ಒಂದು ದಿನ ಗೌಡರು ಮಣ್ಣು ತುಂಬಲು ಮೇಸ್ತ್ರಿಯ ಗುದ್ದಲಿಯನ್ನೇ ಕೇಳಿದರು. ಇವನು ಕೊಟ್ಟ! ನಾನು ಬೈದರೆ, "ಮನೆಗಂಟ ಬಂದು ಕೇಳ್ದಾಗ ಇಲ್ಲ ಅನ್ನಕಾದದಾ ಸಾ? ತೆಗ್ಯಕ್ಕೆ ನಾಳೆ ನಂಗೇ ಬೇಕಲ್ಲ, ತಂದ್ಕೊಡ್ತರೆ" ಎಂದ.

ನಾಲ್ಕು ಹೆಗಲು

ಹೋದ ಮಳೆಗಾಲ ಮೇಸ್ತ್ರಿ ಮಲಗಿದಲ್ಲೇ ತೀರಿಕೊಂಡ. ಅವನನ್ನು ಹೊತ್ತು ತಿರುವಿಗೆ ಬಂದರೆ ಚರಂಡಿ ತುಂಬ ಮಣ್ಣು, ರಸ್ತೆ ತುಂಬ ನೀರು. ಹೆಗಲು ಕೊಟ್ಟಿದ್ದ ನಾವು ನಾಲ್ವರೂ ನಿಂತುಬಿಟ್ಟೆವು. ಹಿಂದೆ ಬರುತ್ತಿದ್ದ ಗೌಡರು, ಮಣ್ಣು ಮಾಡಲು ತಂದಿದ್ದ ಗುದ್ದಲಿ ಕಿತ್ತುಕೊಂಡು, ಪಂಚೆ ಎತ್ತಿ ಕಟ್ಟಿ ಚರಂಡಿಗೆ ಇಳಿದರು. ಅದು ಮೇಸ್ತ್ರಿಯದೇ ಗುದ್ದಲಿ.

"ಏನ್ ನೋಡ್ತಿದ್ದೀರ್ಲಾ! ಇಂಗೇ ಬುಟ್ರೆ ಅವ್ನು ಚಟ್ಟದಿಂದ ಇಳ್ದ್ ಬಂದು ಗುದ್ದಲಿ ಈಸ್ಕತ್ತನೆ!"

ಯಾರೋ ಕಿಸಕ್ಕೆಂದರು. ಎಲ್ಲರಿಗೂ ನಗು ಬಂದು ಚಟ್ಟ ಅಲುಗಾಡಿತು. ನಗುತ್ತಲೇ ಅಳು ಬಂತು.

ನೀರೆಲ್ಲ ಹರಿದ ಮೇಲೂ ನನಗೆ ಹೆಜ್ಜೆ ಎತ್ತಲಾಗಲಿಲ್ಲ. ಅವನ ಚೊಂಬನ್ನು ನೀರು ತುಂಬಿ ಜೊತೆಗೇ ತಂದಿದ್ದರು. ಚಟ್ಟದ ನನ್ನ ತುದಿಯನ್ನು ಇನ್ನೊಬ್ಬರ ಹೆಗಲಿಗೆ ಕೊಟ್ಟು, ರಸ್ತೆ ನಡುವೆ ನೀರು ಸುರಿದೆ. ಅದು ಸರಸರ ಚರಂಡಿಗೆ ಇಳಿಯಿತು.

"ಹೋಯ್ತು ಕಣೋ," ಎಂದೆ ಅವನಿಗೆ.

ಗೌಡರು ಕಣ್ಣೊರೆಸಿಕೊಂಡು ಮೇಲೆ ಬಂದರು. "ಸರಿ, ನಡೀರಿ. ಎಂಗೂ ನಾಕ್ ಎಗಲು ರೂಢಿ ಆಗವೆ. ನಾಳೆ ಬಂದು ನನ್ ಟ್ರ್ಯಾಕ್ಟ್ರೂ ಒತ್ಕಂಡ್ ದಾಟ್ಸಿ!"