‘ಆಮೇಲೆ?’ ಎನ್ನುತ್ತಿದ್ದ ರೋಬೋಟ್

ಯಂತ್ರದ ಜೊತೆ ಮನುಷ್ಯರು ಹೇಗೆ ನಡೆದುಕೊಳ್ಳುತ್ತಾರೆ ಎಂದು ನೋಡುವುದೇ ನೌಕರಿಯಾದವರಿಗೆ ನಗು ಸಂಬಳದ ಜೊತೆಗೇ ಬರುತ್ತದೆ. ಈಗ ಡೆಹ್ರಾಡೂನಿನಲ್ಲಿ ಬಿಸಿಲು ಕಾಯಿಸುತ್ತಾ ಕೂತಾಗಲೂ ಒಬ್ಬಳೇ ನಗುತ್ತೇನೆ. ಪಕ್ಕದ ಮನೆಯವರು ಏನೆಂದುಕೊಂಡರೂ ಸರಿ.

ಎರಡು ಸಾವಿರದ ಇಸವಿ ಕಳೆದ ಮೇಲಿನ ಮಾತು. ನಾನು ಮನಶ್ಶಾಸ್ತ್ರದವಳು. ನಮ್ಮ ಸಂಸ್ಥೆಯಲ್ಲಿ ಸೊಂಟದೆತ್ತರದ ಒಂದು ರೋಬೋಟ್ ಮಾಡಿದ್ದರು. ದನಿ ಬಂದ ಕಡೆ ತಲೆ ತಿರುಗಿಸುತ್ತಿತ್ತು. ಅದಕ್ಕೆ ಬರುತ್ತಿದ್ದದ್ದು ಮೂರೇ ಮಾತು. ಚಾಲು ಮಾಡಿದರೆ "ನಮಸ್ಕಾರ, ಹೇಗಿದ್ದೀರಿ?" ಎದುರಿನವರು ಮಾತು ನಿಲ್ಲಿಸಿದರೆ "ಆಮೇಲೆ?" ಆರಿಸಲು ಬೆನ್ನ ಮೇಲಿನ ಕೆಂಪು ಗುಂಡಿ ಮುಟ್ಟಿದರೆ "ಬೇಡ, ದಯವಿಟ್ಟು ಬೇಡ."

ಇದನ್ನು ಹುಣಸೂರು, ಎಚ್.ಡಿ. ಕೋಟೆ ಕಡೆಯ ಹಳ್ಳಿಗಳಿಗೆ ಒಯ್ಯುತ್ತೇನೆ ಎಂದಾಗ ನಮ್ಮ ಡೈರೆಕ್ಟರು ನಕ್ಕರು.

"ಹಳ್ಳಿಯವರು ಇದರ ಹತ್ತಿರ ಮಾತಾಡ್ತಾರೇನ್ರೀ? ಹೆದರಿ ಓಡ್ತಾರೆ, ಇಲ್ಲ ಡಬ್ಬ ಅಂತ ಬಿಟ್ಟುಬಿಡ್ತಾರೆ. ಕೊನೇ ದಿನ ನಾನೇ ಬಂದು ನೋಡ್ತೀನಿ. ಹಾಗೇ ಆಗಿದ್ದರೆ ಈ ಕೆಲಸ ಅಲ್ಲಿಗೇ ಬಂದ್."

"ಬನ್ನಿ ಸಾರ್," ಎಂದೆ. ಆ ಜನ ನನಗೆ ಗೊತ್ತು. ನಾನು ಹುಟ್ಟಿದ್ದು ಕೆ.ಆರ್. ನಗರದಲ್ಲಿ.

ಯಾರ ಪೈಕಿ?

ಬಿಳಿಕೆರೆಯಲ್ಲಿ ಬಸ್ಸು ನಿಲ್ಲುವ ಕಡೆ, ಒಂದು ಹೋಟೆಲಿನ ಜಗಲಿ ಮೇಲೆ ಅದನ್ನು ಕೂರಿಸಿ ಚಾಲು ಮಾಡಿದೆ.

"ನಮಸ್ಕಾರ, ಹೇಗಿದ್ದೀರಿ?"

ಬಸ್ಸಿಗೆ ಕಾಯುತ್ತಿದ್ದ ಯಜಮಾನರೊಬ್ಬರು, ಹೆದರುವುದಿರಲಿ, ಪಕ್ಕದಲ್ಲೇ ಬಂದು ಕೂತರು. "ಏನೋ ಇವ್ನಿ ಕಣಪ್ಪ. ನಿಂದ್ಯಾವೂರು?"

"ಆಮೇಲೆ?"

"ಮೊದ್ಲು ಊರು ಯೋಳ್ಲಾ. ಯಾರ ಪೈಕಿ ನೀನು?"

"ಆಮೇಲೆ?"

ಯಜಮಾನರು ನನ್ನತ್ತ ತಿರುಗಿದರು. "ಇವ್ನಿಗೆ ಊರಿಲ್ವೇನವ್ವಾ?"

ಬೇರೇನೂ ತೋಚದೆ, "ನಾನು ಕೆ.ಆರ್. ನಗರದವಳು," ಎಂದೆ.

"ಅಂಗನ್ನು ಮತ್ತೆ! ನಮ್ಮಣ್ಣನ ಸೊಸೆ ಅದೇ ಊರೋಳು."

ನಮ್ಮ ಬೀದಿ, ನಮ್ಮಪ್ಪ, ನಮ್ಮ ಎಮ್ಮೆ ಎಲ್ಲವನ್ನೂ ವಿಚಾರಿಸಿದರು. ಬಸ್ಸು ಬಂದಾಗ ರೋಬೋಟಿನ ತಲೆ ಸವರಿ, "ನಿಮ್ಮವ್ವ ಒಳ್ಳೆ ಪೈಕಿಯೋಳು ಕಣ್ಲಾ, ಚೆನ್ನಾಗಿ ನೋಡ್ಕೊ," ಎಂದು ಹತ್ತಿ ಹೋದರು.

ಮದುವೆಯೇ ಆಗದ ನನಗೆ ಬಿಳಿಕೆರೆಯಲ್ಲಿ ಮಗ ಹುಟ್ಟಿದ.

ಸಕ್ಕರೆ ಡಬ್ಬ

ಗಾವಡಗೆರೆ ಹತ್ತಿರ ಹೆಂಗಸರು ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನ ಮುಂದೆ ಕೂತು ಹಸಿ ಎಲೆಗಳನ್ನು ಕಡ್ಡಿಗೆ ಕಟ್ಟುತ್ತಿದ್ದರು. ರೋಬೋಟನ್ನು ನಡುವೆ ಇಟ್ಟು ನಾನು ದೂರ ಕೂತೆ. ಒಬ್ಬ ಸೊಸೆಗೆ ಅದು ಬಹಳ ಹಿಡಿಸಿತು. ಅವಳ ಮಾತನ್ನು ಇಷ್ಟು ಆಸೆಯಿಂದ ಮನೆಯಲ್ಲಿ ಯಾರೂ ಕೇಳಿರಲಿಲ್ಲವಂತೆ.

"ನಮ್ಮತ್ತೆ ಸಕ್ರೆ ಡಬ್ಬಕ್ಕೆ ಬೀಗ ಆಕ್ತಳೆ ಕಣಪ್ಪ."

"ಆಮೇಲೆ?"

"ಬೀಗದ ಕೈನ ದಿಂಬಿನೊಳಗೆ ಇಟ್ಕತಳೆ."

"ಆಮೇಲೆ?"

ಅಷ್ಟರಲ್ಲಿ ಹಿಂದಿನಿಂದ ಅತ್ತೆಯೇ ಸೊಪ್ಪಿನ ಹೊರೆ ಹೊತ್ತು ಬಂದರು. ಎಲ್ಲರ ಬಾಯಿ ಒಮ್ಮೆಲೇ ಕಟ್ಟಿತು. ಆ ಸದ್ದಿಲ್ಲದ ಹೊತ್ತಿಗೇ ರೋಬೋಟ್ ಮತ್ತೆ, "ಆಮೇಲೆ?" ಎಂದಿತು.

ಅತ್ತೆ ಹೊರೆ ಇಳಿಸಿ ಅದರ ಇನ್ನೊಂದು ಪಕ್ಕ ಕೂತರು. "ಮುಂದಿಂದು ನಾನ್ ಯೋಳ್ತೀನಿ ಕೇಳ್ಲಾ ಮಗ. ಬೀಗ ಯಾಕಾಕ್ದೆ ಅಂತ ಅವ್ಳು ಯೋಳಿದ್ಳಾ?"

ಬ್ಯಾಟರಿ ಮುಗಿಯುವವರೆಗೂ ಇಬ್ಬರೂ ಅದನ್ನು ಬಿಡಲಿಲ್ಲ.

ಅಂತರಸಂತೆಯ ಊಟ

ಕೊನೆಯ ದಿನ ಡೈರೆಕ್ಟರು ಜೀಪಿನಲ್ಲಿ ಬಂದೇ ಬಂದರು. ಈ ಎರಡು ಕತೆ ಕೇಳಿ, "ಇದು ಬರೀ ಹರಟೆ. ಆರಿಸೋಕೆ ಹೇಳಿ ನೋಡಿ, ಯೋಚನೆಯಿಲ್ಲದೆ ಗುಂಡಿ ಒತ್ತುತ್ತಾರೆ. ಒತ್ತಿದರೆ ಕೆಲಸ ಬಂದ್," ಎಂದರು.

ಅಂತರಸಂತೆಯಲ್ಲಿ ನಾವು ಇಳಿದದ್ದು ಒಬ್ಬ ಅಜ್ಜಿಯ ಮನೆಯಲ್ಲಿ. ಅಜ್ಜಿ ಮುದ್ದೆ, ಹುರುಳಿಕಾಳಿನ ಸಾರು ಬಡಿಸಿದರು. ರೋಬೋಟನ್ನೂ ನಮ್ಮ ಸಾಲಿನಲ್ಲೇ ಕೂರಿಸಿದ್ದರು.

"ಅಜ್ಜಿ, ಆ ಕೆಂಪು ಗುಂಡಿ ಒತ್ತಿ," ಎಂದರು ಡೈರೆಕ್ಟರು.

ಅಜ್ಜಿ ಕೈ ಒರೆಸಿಕೊಂಡು ಬೆರಳು ಚಾಚಿದರು. ಬೆರಳು ಗುಂಡಿಗೆ ತಾಗಿತು.

"ಬೇಡ, ದಯವಿಟ್ಟು ಬೇಡ."

ಅಜ್ಜಿ ಬೆರಳು ಹಿಂದಕ್ಕೆ ತೆಗೆದರು.

"ಅದಕ್ಕೆ ಜೀವ ಇಲ್ಲ ಅಜ್ಜಿ," ಎಂದರು ಡೈರೆಕ್ಟರು.

"ಗೊತ್ತು ಬುಡಪ್ಪ, ಒಟ್ಟೇಲಿ ಬ್ಯಾಟ್ರಿ ಐತೆ. ಆದ್ರೂವೆ ಮನೆಗ್ ಬಂದೋನು ಬ್ಯಾಡ ಅಂದ್ಮೇಲೆ ಬಲವಂತ ಮಾಡಕಾಯ್ತದಾ?"

ಡೈರೆಕ್ಟರಿಗೆ ತಾಳ್ಮೆ ತಪ್ಪಿತು. ಎಡಗೈ ಚಾಚಿ ತಾವೇ ಒತ್ತಿದರು. "ಬೇಡ, ದಯ..." ಎನ್ನುವಷ್ಟರಲ್ಲಿ ರೋಬೋಟಿನ ತಲೆ ಕೆಳಗೆ ಬಾಗಿತು.

ಅಜ್ಜಿ ಡೈರೆಕ್ಟರ ತಟ್ಟೆಯನ್ನು ಎತ್ತಿ ರೋಬೋಟಿನ ಮುಂದಿಟ್ಟರು. "ಅವ್ನು ಏಳೋಗಂಟ ನಿಂಗೂ ಇಲ್ಲ."

ಬೆಳಗಿನಿಂದ ಹಸಿದಿದ್ದ ಡೈರೆಕ್ಟರು ಬೇಗ ಬೇಗ ಮತ್ತೆ ಚಾಲು ಮಾಡಿದರು.

"ನಮಸ್ಕಾರ, ಹೇಗಿದ್ದೀರಿ?"

"ಕೇಳ್ತಾವ್ನಲ್ಲ, ಯೋಳಪ್ಪ," ಎಂದರು ಅಜ್ಜಿ.

"ಚೆನ್ನಾಗಿದೀನಿ," ಎಂದರು ಡೈರೆಕ್ಟರು, ಮುದ್ದೆಯ ಕಡೆ ನೋಡುತ್ತಾ.

"ಆಮೇಲೆ?"

"ತಪ್ಪಾಯ್ತು ಅನ್ನು," ಎಂದರು ಅಜ್ಜಿ.

"ತಪ್ಪಾಯ್ತಪ್ಪ."

ತಟ್ಟೆ ವಾಪಸು ಬಂತು. ಮುದ್ದೆಯ ಮೇಲೆ ತುಪ್ಪವೂ ಬಿತ್ತು.

ವಾಪಸು ಹೊರಟಾಗ ಅದನ್ನು ಆರಿಸುವ ಧೈರ್ಯ ಯಾರಿಗೂ ಬರಲಿಲ್ಲ. ಹಾಗೇ ಜೀಪಿನ ಹಿಂದಿನ ಸೀಟಿನಲ್ಲಿ ಕೂರಿಸಿದೆವು. ಸ್ವಲ್ಪ ದೂರ ಹೋದ ಮೇಲೆ ನಾನೇ ಕೇಳಿದೆ. "ಸಾರ್, ಇದರ ಹತ್ತಿರ ಮಾತಾಡಿದವರಲ್ಲಿ ನಿಮ್ಮನ್ನೂ ಸೇರಿಸಿಕೊಳ್ಳಲಾ?"

ಅವರು ಕಿಟಕಿಯ ಕಡೆ ತಿರುಗಿದರು. "ಕೆಲಸ ಮುಂದುವರಿಸ್ರೀ. ಆದರೆ ನಾನು ತಪ್ಪಾಯ್ತು ಅಂದದ್ದನ್ನ ಯಾರಿಗೂ ಹೇಳಬೇಡಿ."

ನಾನು ನಗು ತಡೆದುಕೊಂಡು ಸುಮ್ಮನಾದೆ. ಅವರೂ ಸುಮ್ಮನಾದರು.

ಹಿಂದಿನ ಸೀಟಿನಿಂದ ದನಿ ಬಂತು.

"ಆಮೇಲೆ?"