ಕಿಟಕಿಕಟ್ಟೆಯ ಎಂಜಿನ್

ಎರಡು ಹಿತ್ತಾಳೆ ಪಟ್ಟಿಗಳು ನೆಟ್ಟಗೆ ನಿಲ್ಲಲಿಲ್ಲ. ಸೇತುಮಾಧವನ ಭಾನುವಾರ ಕೆಟ್ಟಿದ್ದು ಅಷ್ಟಕ್ಕೇ.

ಸೇಲಂನಲ್ಲಿ ಗುಮಾಸ್ತನಾಗಿದ್ದ ಅವನಿಗೆ ಪುಟಾಣಿ ಉಗಿ ಎಂಜಿನ್ ಕಟ್ಟುವ ಹುಚ್ಚು. ಅಂದು ಸಂಜೆ ಹವ್ಯಾಸಿಗಳ ಪ್ರದರ್ಶನ. ಗಾಲಿ, ಬಾಯ್ಲರ್, ಚಿಮಣಿ ಎಲ್ಲ ಸಿದ್ಧ. ಅವನ್ನೆಲ್ಲ ಹೊರುವ ಚೌಕಟ್ಟು ಮಾತ್ರ ಬಾಕಿ. ಎರಡು ಉದ್ದ ಪಟ್ಟಿ, ಹಿಂದೆ ಮುಂದೆ ಒಂದೊಂದು ಅಡ್ಡಪಟ್ಟಿ, ಮೂಲೆಗಳಿಗೆ ಬೆಸುಗೆ. ಆದರೆ ಒಂದು ಮೂಲೆ ಬೆಸೆದರೆ ಅದರ ಬಿಸಿಗೆ ಇನ್ನೊಂದು, ಮುನಿಸಿಕೊಂಡ ಓರಗಿತ್ತಿಯ ಹಾಗೆ, ದೂರ ಸರಿಯುತ್ತಿತ್ತು.

"ಸಾರೆಲ್ಲಾ ಹೊಗೆ ವಾಸನೆ! ಆಚೆ ಹೋಗ್ರೀ" ಎಂದು ಹೆಂಡತಿ ಭಾಮಾ ಅಡುಗೆಮನೆಯಿಂದ ಅಟ್ಟಿದಳು.

ಅವನು ಜಗಲಿಯ ಕಿಟಕಿಕಟ್ಟೆ ಹಿಡಿದ. ರೈಲು ಓಡಿಸಿ ನಿವೃತ್ತರಾಗಿದ್ದ, ಮಾರಂಡಹಳ್ಳಿ ಕಡೆಯ ಸುಬ್ಬರಾಯನ್ ಪಕ್ಕದ ಮನೆಯಿಂದ ಬಂದರು.

"ಲೇ ಮಾಧವಾ, ಈ ಕಿಟಕಿ ಕಂಬಿ ಐತಲ್ಲಾ, ಅದರ ಆ ಕಡೆಗೊಂದು ಈ ಕಡೆಗೊಂದು ಪಟ್ಟಿ ಇಟ್ಟು ದಾರ ಸುತ್ತು. ಎಲ್ಲಿಗೋಗ್ತೈತೆ ನೋಡಾನ!"

ಪಟ್ಟಿಗಳ ನಡುವೆ ಬೇಕಾದ ಅಂತರಕ್ಕೆ ಕಂಬಿಯ ದಪ್ಪ ಸರಿಯಾಗಿ ಹೊಂದಿತು. ಸೇತುಮಾಧವ ಹಿಗ್ಗಿದ. ಮಹಡಿಯಿಂದ ಇಳಿದುಬಂದ ಮನೆ ಓನರ್ ಈಶ್ವರಿಯ ಕೈಗೆ ಒದ್ದೆಬಟ್ಟೆ ಕೊಟ್ಟ.

"ಅಕ್ಕಾ, ಮುಗಿದ ಮೂಲೆಗೆ ಇದನ್ನ ಒತ್ತಿ ಹಿಡೀರಿ. ಬಿಸಿ ಅಲ್ಲಿಗೆ ಹೋಗಬಾರದು."

ಕಾದ ದೋಸೆಕಲ್ಲಿನ ಮೇಲೆ ತುಪ್ಪ ಹರಿದಂತೆ ಬೆಸುಗೆ ಹರಿಯಿತು. ಕಿಟಕಿಯ ಹೊರಗೊಂದು ಅಡ್ಡಪಟ್ಟಿ, ಒಳಗೊಂದು. ಮೂಲೆ ಮೂಲೆಯೂ ಬೆಳ್ಳಿ ಗೆರೆ ಎಳೆದಂತೆ ಮಿನುಗಿತು. ಬೀದಿಯವರೆಲ್ಲ ನಿಂತು ನೋಡಿದರು.

"ಅಪ್ಪಾಡಾ! ಕೈಯಾ ತಂಬಿ ಇದು, ಮಿಷಿನ್ನಾ?" ಎಂದಳು ಈಶ್ವರಿ.

ಸೇತುಮಾಧವ ಬೀಗುತ್ತ ದಾರ ಕತ್ತರಿಸಿ ಚೌಕಟ್ಟನ್ನು ಎತ್ತಿದ. ಅದು ಕಂಬಿಗುಂಟ ಮೇಲಕ್ಕೆ ಹೋಯಿತು. ಇಳಿಸಿದ, ಕೆಳಕ್ಕೆ ಬಂತು. ಎಳೆದ. ಬರಲಿಲ್ಲ. ಕಂಬಿ ಚೌಕಟ್ಟಿನ ಒಳಗೇ ಇತ್ತು.

ಭಾಮಾ ಇಣುಕಿದಳು. "ಏನ್ರೀ, ಪ್ರದರ್ಶನಕ್ಕೆ ಗೋಡೇನೂ ಹೊತ್ಕೊಂಡ್ ಹೋಗ್ತೀರಾ?"

"ಎಷ್ಟು ಎಂಜಿನ್ ಓಡಿಸಿವ್ನಿ," ಸುಬ್ಬರಾಯನ್ ಬೆರಗಾಗಿ ತಲೆದೂಗಿದರು, "ನೆಟ್ಟಗೆ ಮೇಲಕ್ಕೆ ಓಗೋ ಎಂಜಿನ್ ಇದೇ ಮೊದಲು."

ಸೇತುಮಾಧವ ಒಂದು ಮೂಲೆಯನ್ನು ಬಿಡಿಸಲು ಮತ್ತೆ ಸೋಲ್ಡರಿಂಗ್ ಕಡ್ಡಿ ಎತ್ತಿದ. ಈಶ್ವರಿ ಥಟ್ಟನೆ ಅವನ ಕೈ ಹಿಡಿದಳು.

"ಅಯ್ಯೋ, ಬಿಚ್ಚಬ್ಯಾಡ ತಂಬಿ! ಎಷ್ಟು ಅಳಗಾ, ಎಷ್ಟು ಚೆಂದ ಐತೆ! ಮಿಕ್ಕ ಕಂಬಿಗೂ ಒಂದೊಂದು ಮಾಡಾಕು. ಇಲ್ಲಾಂದ್ರೆ ಬೇರೆ ಮನೆ ನೋಡ್ಕೋ!"

ಸುಬ್ಬರಾಯನ್ ಆಗಲೇ ಪಕ್ಕದ ಕಂಬಿಯ ದಪ್ಪ ನೋಡುತ್ತಿದ್ದರು.